ಜಾಗ ಬದಲಿಸಿದ ಕಣ್ಣು

“ಕೊಂದದ್ದು ನಾನೇ,” ಎಂದರು ಮೇಷ್ಟ್ರು, ಬೆರಳಿಗೆ ಅಂಟಿದ ಸೀಮೆಸುಣ್ಣದ ಪುಡಿಯನ್ನು ಉದುರಿಸುತ್ತ. “ಆದರೆ ಅದು ಕೊಲೆ ಅಲ್ಲ, ತಪ್ಪು. ಎರಡಕ್ಕೂ ವ್ಯತ್ಯಾಸ ಇದೆ ಅನ್ನೋದನ್ನ ನಿಮ್ಮ ಇಲಾಖೆಯಲ್ಲಿ ಯಾರಾದರೂ ಹೇಳಿಕೊಟ್ಟಿರಬೇಕು.”

“ಹೇಳಿಕೊಟ್ಟಿದ್ದಾರೆ,” ಎಂದರು ತನಿಖಾಧಿಕಾರಿ. “ಆದರೆ ತಪ್ಪು ಮಾಡಿದೋರು ಸಾಮಾನ್ಯವಾಗಿ ಅಳ್ತಾ ಬರ್ತಾರೆ. ನೀವು ಸೀಮೆಸುಣ್ಣ ಹಿಡ್ಕೊಂಡು ಬಂದಿದೀರಿ.”

ಸಹೋದ್ಯೋಗಿಗಳು ಈ ತನಿಖಾಧಿಕಾರಿಯನ್ನು ಬೆನ್ನ ಹಿಂದೆ ‘ಇಕ್ಕಳ’ ಎನ್ನುತ್ತಿದ್ದರು. ಹಿಡಿದದ್ದನ್ನು ಬಿಡುವುದಿಲ್ಲ ಎಂಬುದಕ್ಕಷ್ಟೇ ಅಲ್ಲ. ಹಿಡಿಯುವ ಮುನ್ನ ಬಿಸಿ ಎಷ್ಟೆಂದು ಮುಟ್ಟಿ ನೋಡುವವರೂ ಅಲ್ಲ ಎಂಬುದಕ್ಕೆ.

ವಾರದ ಹಿಂದೆ, ಇದೇ ಕಟ್ಟಡದ ನೆಲಮಾಳಿಗೆಯ ಕಾರ್ಯಾಗಾರದಲ್ಲಿ, ಕಾಗದದ ಕಟ್ಟುಗಳನ್ನು ಕತ್ತರಿಸುವ ಯಂತ್ರದ ಅಲಗು ಮೇಷ್ಟ್ರ ಅಳಿಯನ ಎರಡೂ ಕೈಗಳನ್ನು ಮಣಿಕಟ್ಟಿನ ಬಳಿ ಕತ್ತರಿಸಿ ಹಾಕಿತ್ತು. ಮೇಲಿನವರು ಓಡಿ ಬರುವಷ್ಟರಲ್ಲಿ ಅವನಲ್ಲಿ ರಕ್ತ ಉಳಿದಿರಲಿಲ್ಲ. ಯಂತ್ರಕ್ಕೆ ಆಜ್ಞೆಗಳನ್ನು ತಯಾರಿಸಿಕೊಡುವುದು ಮೇಷ್ಟ್ರ ಸಂಸ್ಥೆಯೇ ಬರೆದ ಕಂಪೈಲರ್. ಅದನ್ನು ಕೊನೆಯ ಬಾರಿ ತಿದ್ದಿದ್ದು ಸತ್ತವನ ಹೆಂಡತಿಯ, ಅಂದರೆ ಮೇಷ್ಟ್ರ ಮಗಳ ಹೆಸರಿನಲ್ಲಿ. ಅವಳನ್ನು ಸಂಜೆಯೊಳಗೆ ವಶಕ್ಕೆ ತೆಗೆದುಕೊಳ್ಳುವ ಆದೇಶ ತನಿಖಾಧಿಕಾರಿಯ ಜೇಬಿನಲ್ಲಿತ್ತು. ಬಾಗಿಲಲ್ಲೇ ಅದನ್ನು ಬಿಡಿಸಿ ತೋರಿಸಿದ್ದರು. ಮೇಷ್ಟ್ರು ಎದ್ದು ಕಪ್ಪುಹಲಗೆಯ ಕಡೆ ನಡೆದದ್ದು ಆಗಲೇ.

ಮಗಳು ಕಿಟಕಿಯ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಪಟ್ಟಿಯಾಗಿ ಮಡಿಲಿಗೆ ಇಳಿಯುತ್ತಿತ್ತು. ಗಂಡ ಸತ್ತಂದಿನಿಂದ ಪೊಲೀಸರೊಡನೆ ಅವಳು ಆಡಿದ್ದ ಮಾತೆಲ್ಲವನ್ನೂ ಒಂದು ಬೆಂಕಿಪೊಟ್ಟಣದ ಬೆನ್ನಿನ ಮೇಲೆ ಬರೆಯಬಹುದಿತ್ತು.

“ನನ್ನ ತಲೆ ಗಟ್ಟಿ ಮರದ್ದು ಮೇಷ್ಟ್ರೇ,” ಎಂದರು ತನಿಖಾಧಿಕಾರಿ, ಕುರ್ಚಿ ಎಳೆದುಕೊಂಡು. “ಮೊಳೆ ಹೊಡೆದ ಹಾಗೆ ಹೇಳಿ. ಏನು ತಪ್ಪು ಮಾಡಿದಿರಿ?”

ಮೇಷ್ಟ್ರು ಗೋಡೆಯತ್ತ ಕೈ ಚಾಚಿದರು.

ಆ ಕೋಣೆಯ ಒಂದು ಇಡೀ ಗೋಡೆಯನ್ನು ಅಂಗೈಯಗಲದ ಚೀಟಿಗಳು ತುಂಬಿದ್ದವು. ಚೀಟಿಯಿಂದ ಚೀಟಿಗೆ ನೂಲು. ಎಲ್ಲಕ್ಕೂ ಮೇಲೆ ಒಂದೇ ಒಂದು ಚೀಟಿ. ಅದರ ಕೆಳಗೆ ಎರಡು. ಅವೆರಡರಿಂದ ಕವಲೊಡೆದು ನೂರಾರು. ಮಧ್ಯಾಹ್ನದ ಇಳಿಬಿಸಿಲು ನೂಲುಗಳ ನೆರಳನ್ನು ಸುಣ್ಣದ ಮೇಲೆ ಓರೆಯಾಗಿ ಬೀಳಿಸಿತ್ತು. ಬೇರು ಮೇಲಕ್ಕೆ, ಎಲೆ ಕೆಳಕ್ಕೆ ಇದ್ದ ಆ ಮರಕ್ಕೆ ಹೀಗೆ ಇನ್ನೊಂದು ಮರ ನೆರಳಾಗಿ ಅಂಟಿಕೊಂಡಿತ್ತು.

“ಯಂತ್ರ ನಡೆಸೋರು ತಮಗೆ ಬೇಕಾದ್ದನ್ನ ಮನುಷ್ಯರು ಬರೆಯೋ ಹಾಗೆ ಬರೀತಾರೆ,” ಎಂದರು ಮೇಷ್ಟ್ರು. “ಅದು ಯಂತ್ರಕ್ಕೆ ತಿಳಿಯಲ್ಲ. ಯಂತ್ರಕ್ಕೆ ತಿಳಿಯೋದು ಮನುಷ್ಯರಿಗೆ ಓದೋಕಾಗಲ್ಲ. ಹಾಗಾಗಿ ನಡುವೆ ಒಂದು ರೂಪ ಬೇಕು. ಕಂಪೈಲರಿನ ಹೊಟ್ಟೆಯೊಳಗೆ ಮಾತ್ರ ಬದುಕೋ ರೂಪ. ಅಲ್ಲಿ ಒಂದೊಂದು ಆಜ್ಞೆಯೂ ಒಂದೊಂದು ಗಂಟು. ಪ್ರತಿ ಗಂಟಿಗೂ ಒಂದು ಕ್ಲಾಸ್, ಅಂದರೆ ಅದು ಯಾವ ಬಗೆಯದು ಅನ್ನೋ ವರ್ಗ. ಗೋಡೆ ಮೇಲಿನ ಒಂದೊಂದು ಚೀಟಿಯೂ ಒಂದು ಕ್ಲಾಸ್. ಪ್ರತಿ ಕ್ಲಾಸಿಗೂ ಒಬ್ಬ ಅಪ್ಪ, ಒಬ್ಬನೇ. ಮಗ ತಾನಾಗಿ ಬೇರೆ ಉತ್ತರ ಕೊಡದೇ ಹೋದರೆ ಅಪ್ಪನ ಉತ್ತರವೇ ಮಗನ ಉತ್ತರ.”

“ಮನುಷ್ಯರಲ್ಲೂ ಹಾಗೇ ಇದ್ದಿದ್ದರೆ ನಮಗೆ ಕೆಲಸ ಇರ್ತಿರಲಿಲ್ಲ. ಮುಂದೆ?”

“ಮೇಲಿನ ಚೀಟಿಗೆ ಇಬ್ಬರು ಮಕ್ಕಳು. ನಾವು ಲೆಕ್ಕದ ಮನೆ, ಕೆಲಸದ ಮನೆ ಅಂತೀವಿ. ಕೂಡೋದು, ಕಳೆಯೋದು, ಹೋಲಿಸೋದು, ಇವೆಲ್ಲ ಲೆಕ್ಕದ ಮನೆಯೋರು. ಹೊರಗಿನ ಲೋಕದ ಉಸಾಬರಿ ಇವರಿಗಿಲ್ಲ. ಮೋಟರ್ ತಿರುಗಿಸೋದು, ಅಲಗು ಇಳಿಸೋದು, ಇಂಥವು ಕೆಲಸದ ಮನೆಯೋರು. ಇನ್ನು ಜಿಪುಣ ಅಂತ ಒಂದಿದೆ.”

“ಅದು ಯಾರ ಮನೆಯೋನು?”

“ಯಾರ ಮನೆಯದೂ ಅಲ್ಲ. ಮನೆಮನೆ ಸುತ್ತಿ ದಂಡದ್ದನ್ನೆಲ್ಲ ಕಿತ್ತು ಹಾಕೋ ಭಾಗ. ಕೆಲಸ ಚುರುಕಾಗಲಿ ಅಂತ. ಇಲ್ಲಿನವರು ಇಟ್ಟ ಹೆಸರು. ಲೆಕ್ಕದ ಮನೆಯೋನು ಒಂದೇ ಪ್ರಶ್ನೆಗೆ ಎರಡು ಸಲ ಉತ್ತರ ಹೇಳೋಕೆ ಬಂದರೆ ಜಿಪುಣ ಎರಡನೇದನ್ನ ಅಳಿಸತ್ತೆ. ಎರಡೂ ಎರಡೂ ಬೆಳಿಗ್ಗೆ ಕೂಡಿದರೂ ನಾಲ್ಕು, ಸಾಯಂಕಾಲ ಕೂಡಿದರೂ ನಾಲ್ಕು. ಮತ್ತೆ ಯಾಕೆ ಕೂಡಬೇಕು? ಕೆಲಸದ ಮನೆಯೋರನ್ನ ಮಾತ್ರ ಅದು ಮುಟ್ಟಲ್ಲ.”

ಯಂತ್ರದ ಅಲಗಿನ ಮುಂದೆ ಬೆಳಕಿನ ಒಂದು ಪರದೆ ಇರುವುದನ್ನು ತನಿಖಾಧಿಕಾರಿ ನೋಡಿದ್ದರು. ಬರಿಗಣ್ಣಿಗೆ ಕಾಣದ ಪರದೆ. ಅಡ್ಡ ಏನಾದರೂ ಬಂದರೆ ಯಂತ್ರಕ್ಕೆ ತಿಳಿಯುತ್ತದೆ. ಕಾರ್ಯಾಗಾರದವರು ಅದನ್ನು ‘ಕಣ್ಣು’ ಎಂದೇ ಕರೆಯುತ್ತಿದ್ದರು.

“ಕಣ್ಣು ಎರಡು ಸಲ ನೋಡಬೇಕು,” ಎಂದರು ಮೇಷ್ಟ್ರು. “ಕಾಗದದ ಕಟ್ಟನ್ನ ಬಿಗಿ ಹಿಡಿಯೋ ಮುಂಚೆ ಒಂದು ಸಲ. ಅಲಗು ಇಳಿಸೋ ಮುಂಚೆ ಇನ್ನೊಂದು ಸಲ. ಕಣ್ಣು ಕೆಲಸದ ಮನೇಲಿತ್ತು. ನಾನು ಅದನ್ನ ಲೆಕ್ಕದ ಮನೆಗೆ ದಾಟಿಸಿದೆ.”

“ಜಿಪುಣ ಎರಡನೇ ನೋಟವನ್ನ ಕಿತ್ತು ಹಾಕಿದ.”

“ಕಿತ್ತು ಹಾಕಿತು ಅನ್ನಿ. ಮೊದಲು ಕಂಡದ್ದೇ ಕಡೆಯ ಉತ್ತರ ಆಯ್ತು. ಮೊದಲು ನೋಡಿದಾಗ ಅಲ್ಲಿ ಕೈ ಇರಲಿಲ್ಲ. ಆಮೇಲೆ ಇತ್ತು.” ಮೇಷ್ಟ್ರು ಸೀಮೆಸುಣ್ಣವನ್ನು ಅದರ ಜಾಗದಲ್ಲಿಟ್ಟರು. “ಆಮೇಲೆ ಮತ್ತೆ ಇರಲಿಲ್ಲ.”

ಮಗಳು ಸಿಪ್ಪೆಯಿಂದ ಕಣ್ಣೆತ್ತಲಿಲ್ಲ.

“ಯಾಕೆ ದಾಟಿಸಿದಿರಿ?”

“ಅಂದಕ್ಕೆ.”

“ಏನಂದಿರಿ?”

“ಅಂದಕ್ಕೆ ಸಾಹೇಬರೇ. ಕಣ್ಣು ಉತ್ತರ ಕೊಡೋ ಗಂಟು. ಹೌದು, ಇಲ್ಲ ಅನ್ನತ್ತೆ. ಕೆಲಸದ ಮನೇಲಿ ಯಾರೂ ಉತ್ತರ ಕೊಡಲ್ಲ, ಹೇಳಿದ್ದು ಮಾಡ್ತಾರೆ, ಅಷ್ಟೆ. ಅವರ ಮಧ್ಯೆ ಇದು ಕರೆಯದ ಮದುವೆಗೆ ಬಂದವನ ಹಾಗೆ ಕೂತಿತ್ತು. ನೋಡಿದಾಗಲೆಲ್ಲ ಚುಚ್ಚತಾ ಇತ್ತು. ಒಂದು ದಿನ ಎತ್ತಿ ಆಚೆ ಇಟ್ಟೆ. ಜಿಪುಣ ನೆನಪಿಗೆ ಬರಲಿಲ್ಲ. ಮುದುಕನ ಚಪಲ.”

ಅಂದಕ್ಕಾಗಿ ಕೊಂದವರನ್ನು ತನಿಖಾಧಿಕಾರಿ ಕಂಡಿದ್ದರು. ಆದರೆ ಆ ಅಂದ ಯಾವಾಗಲೂ ಹೆಣ್ಣಿನದೋ ಗಂಡಿನದೋ ಆಗಿರುತ್ತಿತ್ತು. ನೂಲಿನಲ್ಲಿ ತೂಗುವ ಚೀಟಿಯೊಂದರ ಅಂದಕ್ಕೆ ಬಿದ್ದ ಮೊದಲ ಹೆಣ ಇದು. ನಂಬುವಂತೆಯೇ ಇತ್ತು. ಈ ಕೋಣೆಯನ್ನು ನೋಡಿದವರು ಇದನ್ನು ನಂಬದೆ ಇರುವುದೇ ಕಷ್ಟವಿತ್ತು.

“ನಿಮ್ಮ ಮಗಳ ಹೆಸರಲ್ಲಿ ಯಾಕೆ ಮಾಡಿದಿರಿ?”

“ಅವಳ ಲ್ಯಾಪ್‌ಟಾಪು ತೆರೆದೇ ಇರತ್ತೆ. ನನ್ನದು ಮಹಡಿ ಮೇಲಿತ್ತು. ಮಂಡಿ ನೋವು.”

“ಸರಿ.” ತನಿಖಾಧಿಕಾರಿ ಎದ್ದು ಗೋಡೆಯ ಬಳಿ ಹೋದರು. ಚೀಟಿಗಳ ಮೇಲೆ ಬೆರಳಾಡಿಸುತ್ತ ಬಂದು ಒಂದರ ಮೇಲೆ ನಿಲ್ಲಿಸಿದರು. “ಇದೇ ಅಲ್ವಾ ಕಣ್ಣು? ಇನ್ನೂ ಕೆಲಸದ ಮನೇಲೇ ನೇತಾಡ್ತಾ ಇದೆ.”

ಮೇಷ್ಟ್ರು ಬೆರಳಿನ ಸುಣ್ಣದ ಪುಡಿಯನ್ನು ಅಂಗಿಗೆ ಒರೆಸಿಕೊಂಡರು.

“ನಿಮ್ಮ ಪದ್ಧತಿ ಕೇಳಿ ತಿಳ್ಕೊಂಡೆ. ಮೊದಲು ಗೋಡೆ, ಆಮೇಲೆ ಕಂಪ್ಯೂಟರಿನ ಕೋಡು. ಯಾವ ಕ್ಲಾಸನ್ನಾದರೂ ಕದಲಿಸಬೇಕು ಅಂದರೆ ಚೀಟಿ ಹಿಡ್ಕೊಂಡು ಇಲ್ಲಿ ನಿಲ್ಲಬೇಕು. ‘ಅಪ್ಪ ಕೂರೋ ಕಡೆ ಮಗನನ್ನ ಕೂರಿಸಿದರೆ ಮನೆ ಬೀಳತ್ತಾ?’ ಅಂತ ಎಲ್ಲರಿಗೂ ಕೇಳೋ ಹಾಗೆ ಕೇಳಬೇಕು. ಬೀಳಲ್ಲ ಅಂತ ನೀವು ತಲೆಯಾಡಿಸಬೇಕು. ನಿಮ್ಮ ತಲೆ ಅಲ್ಲಾಡದೆ ಇಲ್ಲಿ ಒಂದು ಚೀಟಿ ಕದಲಲ್ಲವಂತೆ. ಅಂಥ ನೀವು ಗೋಡೆಯನ್ನೇ ಮರೆತಿರಾ?”

“ವಯಸ್ಸಾಯ್ತು.”

“ವಯಸ್ಸಿನ ಮಾತು ಬಿಡಿ. ಇದೇನಿದು?” ಬೆರಳು ಪಕ್ಕದ ಚೀಟಿಗೆ ಸರಿಯಿತು. “ಪೆಡಲ್ ಒತ್ತಿದಾರಾ ಅಂತ ನೋಡೋ ಗಂಟು. ಇದು ಉತ್ತರ ಕೊಡತ್ತೋ ಇಲ್ಲವೋ?”

“ಕೊಡತ್ತೆ.”

“ಇದು? ಒತ್ತಡ ಎಷ್ಟಿದೆ ಅಂತ ಓದೋದು. ಇದು ಕಾವು ಓದೋದು. ಎಲ್ಲ ಕಣ್ಣಿನ ಒಡಹುಟ್ಟಿದವು. ಎಲ್ಲ ಉತ್ತರ ಕೊಡೋವೇ. ಗೋಡೆ ಮೇಲೂ ಕೆಲಸದ ಮನೇಲಿವೆ, ಕೋಡಲ್ಲೂ ಅಲ್ಲೇ ಇವೆ. ನಿಮ್ಮ ಸಂಸ್ಥೆಯ ಹುಡುಗನೊಬ್ಬನ್ನ ಕೂರಿಸಿಕೊಂಡು ನೋಡಿಸಿದೆ. ಕಣ್ಣು ಒಂದೇ ದಾಟಿದ್ದು.” ತನಿಖಾಧಿಕಾರಿ ತಿರುಗಿ ನಿಂತರು. “ಮನೆ ಗುಡಿಸೋನು ಒಂದೇ ಒಂದು ಕಸಕಡ್ಡಿ ಎತ್ತಿ ಹೊರಗೆ ಹಾಕಿ ಕೈ ತೊಳೆಯಲ್ಲ ಮೇಷ್ಟ್ರೇ. ಅದೂ ನಿಮ್ಮಂಥೋರು. ಅಂದದ ಹುಚ್ಚಿರೋನು ನಾಲ್ಕನ್ನೂ ಒಟ್ಟಿಗೆ ಎತ್ತತಿದ್ದ. ಕೈ ಕಾಯೋ ಒಂದನ್ನೇ ಹುಡುಕಿ ಎತ್ತಿದೋನಿಗೆ ಬೇಕಾಗಿದ್ದದ್ದು ಅಂದ ಅಲ್ಲ, ಕೈ.”

ಕಿಟಕಿಯ ಬಳಿ ಸಿಪ್ಪೆ ಹರಿಯಿತು.

ಬಹಳ ಸಣ್ಣ ಸದ್ದು.

“ಹಾಗಾದರೆ ಬೇಕು ಅಂತಲೇ ಮಾಡಿದೆ ಅಂತ ಬರ್ಕೊಳ್ಳಿ,” ಎಂದರು ಮೇಷ್ಟ್ರು, ಅಂಗಡಿಯಲ್ಲಿ ಒಂದು ಬಣ್ಣ ಸಿಗದಿದ್ದರೆ ಇನ್ನೊಂದು ಕೊಡಿ ಎನ್ನುವವರಂತೆ. “ಸಹಿ ಎಲ್ಲಿ ಮಾಡಲಿ?”

“ಬರ್ಕೊಳ್ಳೋ ಆತುರ ನನಗಿಂತ ನಿಮಗೇ ಜಾಸ್ತಿ ಇದೆ. ಕೂತ್ಕೊಳ್ಳಿ.”

ತನಿಖಾಧಿಕಾರಿ ತಮ್ಮ ಚೀಲದಿಂದ ಪ್ಲಾಸ್ಟಿಕ್ ಲಕೋಟೆಯೊಂದನ್ನು ತೆಗೆದರು. ಅದನ್ನು ಮೇಷ್ಟ್ರ ಮುಂದಿಡಲಿಲ್ಲ. ಕಿಟಕಿಯ ಬಳಿ ಹೋಗಿ, ಮಗಳ ಮುಂದಿನ ಪುಟ್ಟ ಮೇಜಿನ ಮೇಲೆ, ಕಿತ್ತಳೆಯ ತೊಳೆಗಳ ಪಕ್ಕದಲ್ಲಿ ಬಿಚ್ಚಿ ಸುರಿದರು.

ದಪ್ಪ ಬಟ್ಟೆಯ ಒಂದು ಕೈಗವಸು, ಎರಡು ತುಂಡಾಗಿ. ಬೆರಳುಗಳೊಳಗೆ ಗಟ್ಟಿಯಾಗಿ ಹತ್ತಿ ತುರುಕಿತ್ತು. ಕತ್ತರಿಸಿದ ಕಡೆ ಹತ್ತಿ ಬೆಳ್ಳಗೆ ಹೊರಗೆ ಇಣುಕುತ್ತಿತ್ತು. ಕತ್ತರಿಸಿದ ಗೆರೆ ಎಷ್ಟು ನೇರವಾಗಿತ್ತೆಂದರೆ ಅದು ನೋವನ್ನು ಅರಿಯದ ಒಂದು ಕೈಯಲ್ಲಿ ಮಾತ್ರ ಸಾಧ್ಯವಿತ್ತು.

“ಯಂತ್ರದ ಕೆಳಗಿನ ತೊಟ್ಟೀಲಿ ಸಿಕ್ಕಿದ್ದು,” ಎಂದರು ತನಿಖಾಧಿಕಾರಿ. “ಕಾಗದದ ಚೂರುಗಳ ತಳದಲ್ಲಿ. ನಿಮ್ಮ ಯಜಮಾನರ ರಕ್ತ ಮೇಲಿನ ಚೂರುಗಳನ್ನ ಮಾತ್ರ ನೆನೆಸಿತ್ತು. ಇದು ಒಣಗೇ ಇತ್ತು. ಅಂದರೆ ಇದರ ಸರದಿ ಮೊದಲು ಬಂದಿತ್ತು, ಅವರದು ಆಮೇಲೆ. ಇದರ ಮಣಿಕಟ್ಟಿನ ಬಾಯಿ ಹೊಲಿದಿದಾರೆ ನೋಡಿ. ಗಂಡಸಿನ ಹೊಲಿಗೆ ಅಲ್ಲ ಇದು. ಯಾರದಮ್ಮ?”

“ಹೊಲಿಗೆ ಬರೋ ಗಂಡಸರು ಬೇಕಾದಷ್ಟಿದಾರೆ,” ಎಂದರು ಮೇಷ್ಟ್ರು.

“ನಿಮ್ಮನ್ನ ಕೇಳಲಿಲ್ಲ.”

ಅವಳು ತುಂಡಾದ ಬೆರಳುಗಳನ್ನು ಬೆರಳಿನಿಂದ ಮುಟ್ಟಿದಳು. ಉಂಗುರದ ಬೆರಳನ್ನು ತುಸು ಹೆಚ್ಚು ಹೊತ್ತು.

“ನನ್ನದು,” ಎಂದಳು.

“ಹತ್ತಿ?”

“ಅವರ ದಿಂಬಿನದು.”

“ಮಗಳೇ, ಸುಮ್ಮನಿರು.”

“ಇಷ್ಟು ದಿನ ಸುಮ್ಮನೇ ಇದ್ದೆನಲ್ಲ ಅಪ್ಪ. ಏನು ಸಿಕ್ಕಿತು? ಇವರು ಕಸದ ತೊಟ್ಟಿ ಬಗೆದು ತಂದರು.” ಅವಳು ತನಿಖಾಧಿಕಾರಿಯತ್ತ ತಿರುಗಿದಳು. “ಕಣ್ಣನ್ನ ದಾಟಿಸಿದ್ದು ಅಪ್ಪ ಅಲ್ಲ. ನಾನೂ ಅಲ್ಲ. ಅವರೇ. ಮನೇಲಿ, ನನ್ನ ಲ್ಯಾಪ್‌ಟಾಪಲ್ಲಿ, ನನ್ನ ಪಕ್ಕದಲ್ಲೇ ಕೂತ್ಕೊಂಡು.”

“ಸತ್ತೋರೇ?”

“ಹೌದು. ಅಪ್ಪ ಅವರಿಗೆ ಎಲ್ಲರೆದುರು ಏನಂದ್ರು ಅಂತ ನಿಮಗೆ ಯಾರೂ ಹೇಳಲಿಲ್ವಾ? ಹೇಳಿರಲ್ಲ. ನಕ್ಕೋರು ಯಾರೂ ಹೇಳಲ್ಲ.”

“ನೀವು ಹೇಳಿ,” ಎಂದರು ತನಿಖಾಧಿಕಾರಿ.

“ಅವರೂ ಇದೇ ಕೋಣೇಲಿ ಕೂರತಿದ್ದರು. ಈ ಗೋಡೆ ಮುಂದೆ ನಿಂತು ಒಂದು ಮಾತು ಹೇಳಿದರು. ಕಣ್ಣು ಉತ್ತರಾನೂ ಕೊಡತ್ತೆ, ಹೊರಗಿನ ಲೋಕಾನೂ ಮುಟ್ಟತ್ತೆ. ಅದಕ್ಕೆ ಎರಡೂ ಮನೆ ಬೇಕು. ಇಲ್ಲಿ ಒಬ್ಬನೇ ಅಪ್ಪ ಅನ್ನೋ ನಿಯಮ ಇಟ್ಕೊಂಡಿರೋದರಿಂದ, ಯಾರಾದರೂ ಅಂದಕ್ಕೋ ಆತುರಕ್ಕೋ ಇದನ್ನ ಎತ್ತಿ ಆ ಕಡೆ ಇಟ್ಟರೆ ಕೈ ಹೋಗತ್ತೆ. ತಡೆಯೋಕೆ ಏನೂ ಇಲ್ಲ, ಮೇಷ್ಟ್ರು ತಲೆಯಾಡಿಸೋದು ಬಿಟ್ಟರೆ. ಹೀಗಂದರು. ಸರಿಯಾಗೇ ಅಂದರು.”

“ನಿಮ್ಮಪ್ಪ?”

“ಅವರು ಅನಾಥಾಲಯದಲ್ಲಿ ಬೆಳೆದೋರು. ಎಲ್ಲರಿಗೂ ಗೊತ್ತಿತ್ತು.” ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಅಪ್ಪ ಹೇಳಿದರು: ‘ಎರಡೆರಡು ಅಪ್ಪಂದಿರು ಬೇಕು ಅನ್ನೋರು ಮೊದಲು ತಮ್ಮ ಒಬ್ಬ ಅಪ್ಪ ಯಾರು ಅಂತ ವಿಚಾರಿಸಿಕೊಂಡು ಬರಲಿ.’ ಎಲ್ಲ ನಕ್ಕರು. ನಾನೂ ನಕ್ಕೆ. ನಗು ಬಂದುಬಿಟ್ಟಿತು. ಮಾರನೇ ದಿನ ಅಪ್ಪ ಅವರನ್ನ ಕೆಳಗೆ ಕಳಿಸಿದರು, ಯಂತ್ರ ಓಡಿಸಿ ನೋಡೋ ಕೆಲಸಕ್ಕೆ.”

“ತಮಾಷೆ ಅದು,” ಎಂದರು ಮೇಷ್ಟ್ರು. “ಅಳಿಯ ದೇವರಿಗೆ ತಮಾಷೆ ತಿಳೀತಿರಲಿಲ್ಲ. ಅವನ ವಿನ್ಯಾಸಗಳೂ ಹಾಗೇ. ಒಂದು ಕಡೆ ಗೋಡೆ ಇರಲ್ಲ, ಇನ್ನೊಂದು ಕಡೆ ಎರಡು ಬಾಗಿಲು. ಇಬ್ಬರು ಅಪ್ಪಂದಿರನ್ನ ಬಿಟ್ಟುಕೊಂಡರೆ, ಇಬ್ಬರೂ ಬೇರೆ ಬೇರೆ ಉತ್ತರ ಹೇಳಿದಾಗ ಮಗ ಯಾರ ಮಾತು ಕೇಳಬೇಕು? ಕೇಳಿದೆ ನಾನು. ಉತ್ತರ ಇರಲಿಲ್ಲ ಅವನ ಹತ್ತಿರ.”

ಸತ್ತವನೊಡನೆ ಅವರ ವಾದ ಇನ್ನೂ ಮುಗಿದಿರಲಿಲ್ಲ. ಮುಗಿಯುವ ಆಸೆಯೂ ಇದ್ದಂತೆ ಕಾಣಲಿಲ್ಲ.

“ನಮ್ಮ ಕಂಪೈಲರ್ ಕೊಳ್ಳೋ ಕಂಪನಿಯೋರು ಬರೋರಿದ್ದರು,” ಎಂದಳು ಮಗಳು. “ಅವರ ಮುಂದೆ ಈ ಗವಸನ್ನ ಅಲಗಿನ ಕೆಳಗೆ ಇಟ್ಟು ತೋರಿಸಬೇಕು ಅಂತ ನಮ್ಮ ಯಜಮಾನರ ಲೆಕ್ಕಾಚಾರ. ಒಂದೇ ಒಂದು ಕ್ಲಾಸು ಮನೆ ಬದಲಾಯಿಸಿದರೆ ಕೈ ಹೇಗೆ ತುಂಡಾಗತ್ತೆ ನೋಡಿ ಅಂತ. ಎಲ್ಲರೆದುರು ಹೇಳಿದ ಮಾತಿಗೆ ಎಲ್ಲರೆದುರೇ ಉತ್ತರ. ನಾನು ಹೊಲಿದುಕೊಟ್ಟೆ. ನಕ್ಕಿದ್ದಕ್ಕೆ ದಂಡ ಅಂದ್ಕೊಳ್ಳಿ.”

“ಸತ್ತ ದಿನ ಅದನ್ನ ಮೊದಲು ಪರೀಕ್ಷೆ ಮಾಡಿ ನೋಡಿದರು. ಗವಸು ತುಂಡಾಯ್ತು.”

“ಆಯ್ತು. ಕಣ್ಣಾರೆ ನೋಡಿದ ಮೇಲೆ ಹೆದರಿದರು. ಅವರಿಗೆ ಅಪ್ಪನ ಹಾಗೆ ಗಟ್ಟಿ ಗುಂಡಿಗೆ ಇರಲಿಲ್ಲ. ಕೆಳಗಿನಿಂದ ಕಟ್ಟಡದ ಒಳಗಿನ ಫೋನಲ್ಲಿ ಕರೆದು, ‘ಬೇಡ ಕಣೇ, ಕಣ್ಣನ್ನ ವಾಪಸ್ ಅದರ ಮನೇಲಿ ಇಟ್ಟುಬಿಡು’ ಅಂದರು. ಕೆಳಗೆ ಕೋಡು ಮುಟ್ಟೋ ಹಾಗಿಲ್ಲ.”

ತನಿಖಾಧಿಕಾರಿ ಕುರ್ಚಿಯನ್ನು ಅವಳ ಎದುರಿಗೇ ಎಳೆದು ಕೂತರು. ಅವರ ದನಿ ಮೃದುವಾಯಿತು. ಅವರನ್ನು ಬಲ್ಲವರಿಗೆ ಇದು ಒಳ್ಳೆಯ ಲಕ್ಷಣವಲ್ಲ.

“ನನಗೆ ಒಂದೇ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆಯಮ್ಮ. ಕಣ್ಣು ಕುರುಡಾಗಿದೆ ಅಂತ ಈ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೋರು ಅವರು. ತಾವೇ ಕುರುಡು ಮಾಡಿದ್ದು. ಗವಸು ಹೋದದ್ದನ್ನ ನೋಡಿದೋರು. ಅಂಥ ಮನುಷ್ಯ ಕಾಗದದ ಕಟ್ಟು ಓರೆಯಾಯ್ತು ಅಂತ ಎರಡೂ ಕೈ ಅಲಗಿನ ಕೆಳಗೆ ಹಾಕಬೇಕಾದರೆ, ಕಣ್ಣಿಗೆ ಮತ್ತೆ ದೃಷ್ಟಿ ಬಂತು ಅಂತ ನಂಬಿರಬೇಕು. ಯಾರೋ ಹಾಗೆ ಹೇಳಿರಬೇಕು. ಅವರು ನಂಬೋ ಅಂಥ ಯಾರೋ.”

ಮೇಷ್ಟ್ರು ಗೋಡೆಯನ್ನು ನೋಡುತ್ತಿದ್ದರು.

“ಮತ್ತೆ ಫೋನ್ ಮಾಡಿದರಾ?”

“ನಾನೇ ಮಾಡಿದೆ.”

“ಏನಂದಿರಿ?”

“ಕಣ್ಣು ಅದರ ಮನೆಗೆ ವಾಪಸ್ ಬಂತು, ಹೊಸ ಕೋಡು ಕೆಳಗೆ ಬಂದಿದೆ, ಓಡಿಸಿ ನೋಡಿ ಅಂದೆ.”

“ಬಂದಿತ್ತಾ?”

“ಇಲ್ಲ.”

ಬಿಸಿಲು ಗೋಡೆಯಿಂದ ಜಾರಿ ನೆಲಕ್ಕೆ ಬಂದಿತ್ತು. ನೂಲಿನ ನೆರಳುಗಳು ಕಾಣದಾಗಿದ್ದವು.

“ಬಂದಿಲ್ಲ ಅಂತ ಗೊತ್ತಿದ್ದೂ ಹೇಳಿದಿರಾ?”

“ಗೊತ್ತಿರಲಿಲ್ಲ. ನನ್ನ ಪಾಡಿಗೆ ನಾನೇ ವಾಪಸ್ ಇಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಈ ಮನೇಲಿ ಅಪ್ಪ ತಲೆಯಾಡಿಸದೆ ಚೀಟಿ ಕದಲಲ್ಲ ಅಂತ ನೀವೇ ಹೇಳಿದಿರಲ್ಲ. ನನಗೆ ಓದು ಬಂದಾಗಿನಿಂದ ಅದೇ ಅಭ್ಯಾಸ. ಗಂಡ ಅಲಗಿನ ಮುಂದೆ ನಿಂತಿದಾನೆ, ನಾನು ಅಪ್ಪನ ಅಪ್ಪಣೆ ಕೇಳೋಕೆ ಫೋನ್ ಎತ್ತಿದೆ. ಎಲ್ಲ ಹೇಳಿದೆ. ಗವಸು, ಹೊಲಿಗೆ, ಎಲ್ಲ. ‘ನೀನು ಮುಟ್ಟಬೇಡ, ನಾನೇ ಸರಿಮಾಡ್ತೀನಿ’ ಅಂದರು. ಆಮೇಲೆ ಅವರೇ ಫೋನ್ ಮಾಡಿದರು. ‘ಆಯ್ತು, ಕೆಳಗೂ ಹೋಗಿದೆ. ಅವನಿಗೆ ಹೇಳು.’” ಅವಳು ತಂದೆಯತ್ತ ನೋಡಿದಳು. “ಹೇಳಿದೆ. ಅಷ್ಟೇ ನಾನು ಮಾಡಿದ್ದು. ಅಲ್ವಾ ಅಪ್ಪ?”

ಒಳಗಿನ ಫೋನಿನಲ್ಲಿ ಆಡಿದ ಮಾತು ಎಲ್ಲೂ ಉಳಿಯುವುದಿಲ್ಲ. ತಂತಿಯ ಈ ತುದಿಯಲ್ಲೊಬ್ಬರು, ಆ ತುದಿಯಲ್ಲೊಬ್ಬರು. ಇಬ್ಬರಲ್ಲಿ ಯಾರು ಸುಮ್ಮನಾದರೂ ಅರ್ಧ ಸತ್ಯ ಸುಮ್ಮನಾಗುತ್ತದೆ. ತನಿಖಾಧಿಕಾರಿ ಮೇಷ್ಟ್ರ ಮುಖವನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ. ಆ ಮುಖದ ಮೇಲೆ ಏನೋ ಒಂದು ಬಂದು, ಕೂರಲು ಜಾಗ ಸಿಗದೆ, ಹಾಗೇ ಹೊರಟುಹೋಯಿತು.

“ಹೌದು,” ಎಂದರು ಮೇಷ್ಟ್ರು. “ನಾನೇ ಹೇಳಿದೆ.”

“ಸರಿಮಾಡಿರಲಿಲ್ಲ.”

“ಮಾಡಿರಲಿಲ್ಲ.”

“ಬೇಕು ಅಂತಲೇ.”

“ಬೇಕು ಅಂತಲೇ. ಈಗಲಾದರೂ ಬರ್ಕೊಳ್ತೀರಾ?”

ತನಿಖಾಧಿಕಾರಿ ಬರೆದುಕೊಂಡರು. ಮೇಷ್ಟ್ರು ಓದಿ, ಒಂದು ಕಡೆ ವಾಕ್ಯ ಸಡಿಲವಾಗಿದೆಯೆಂದು ತಿದ್ದಿಸಿ, ಸಹಿ ಮಾಡಿದರು. ಮಗಳು ತೊಳೆಗಳನ್ನು ಒಂದೊಂದಾಗಿ ಬಿಡಿಸಿ, ಬಿಳಿಯ ನಾರನ್ನು ತೆಗೆದು, ಅಪ್ಪನ ಕೈಗೆ ಕೊಟ್ಟಳು. ಅವರು ತಿಂದರು. ಬೀಜವನ್ನು ಅವಳ ಅಂಗೈಗೇ ಉಗುಳಿದರು. ಅದು ಬಹಳ ವರ್ಷಗಳ ರೂಢಿ ಇರಬೇಕು. ಇಬ್ಬರೂ ಅದನ್ನು ಗಮನಿಸಲೇ ಇಲ್ಲ.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಪ್ರತಿ ತಿರುವಿನಲ್ಲೂ ನಿಂತರು. ಮಂಡಿಯ ನೋವಾದರೂ ಸುಳ್ಳಲ್ಲ. ಕೊನೆಯ ತಿರುವಿನಲ್ಲಿ ಅವರು ತನಿಖಾಧಿಕಾರಿಯ ತೋಳು ಹಿಡಿದು, ಕಿವಿಯ ಹತ್ತಿರ ಬಾಗಿದರು. ಉಸಿರಿನಲ್ಲಿ ಕಿತ್ತಳೆಯ ವಾಸನೆ.

“ನಾನು ಯಾವ ಫೋನೂ ಮಾಡಲಿಲ್ಲ ಸಾಹೇಬರೇ.”

ತನಿಖಾಧಿಕಾರಿ ನಿಂತರು.

“ಅವಳು ನನಗೆ ಹೇಳಲೂ ಇಲ್ಲ, ನನ್ನನ್ನ ಕೇಳಲೂ ಇಲ್ಲ. ಗವಸಿನ ವಿಷಯ ನನಗೆ ಗೊತ್ತಾಗಿದ್ದೇ ಈಗ, ನೀವು ಮೇಜಿನ ಮೇಲೆ ಸುರಿದಾಗ. ಇದನ್ನ ಇಲ್ಲಿ ಹೇಳ್ತಿದೀನಿ, ಕೋರ್ಟಲ್ಲಿ ಹೇಳಲ್ಲ. ಸಹಿ ಮಾಡಿದ್ದೇ ನನ್ನ ಮಾತು.”

“ಮಗಳನ್ನ ಉಳಿಸೋಕಾ?”

“ಮಗಳನ್ನಾ?” ಮೇಷ್ಟ್ರು ಆ ಪದವನ್ನು ನಾಲಿಗೆಯ ಮೇಲಿಟ್ಟು ನೋಡಿದರು. “ಅವಳ ಕೈಲಿ ಆ ಮರ ಇನ್ನೂ ಮೂವತ್ತು ವರ್ಷ ಬೆಳೆಯತ್ತೆ. ನಾನು ಹೋದರೆ ಮರ ಉಳಿಯತ್ತೆ. ಅವಳು ಹೋದರೆ ಉಳಿಯಲ್ಲ. ಇಷ್ಟೇ ಲೆಕ್ಕ.”

“ನಿಮ್ಮ ಅಳಿಯ?”

“ಪಾಪದ ಹುಡುಗ. ಅವನು ಹೇಳಿದ್ದು ಸರಿಯಾಗೇ ಇತ್ತು. ಕಣ್ಣಿಗೆ ಎರಡು ಮನೆ ಬೇಕು. ಅವನು ಹೇಳೋಕೆ ಮುಂಚೆಯೇ ನನಗೆ ಗೊತ್ತಿತ್ತು.” ಮೇಷ್ಟ್ರು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. “ಅವನ ಬಾಯಲ್ಲಿ ಕೇಳೋಕೆ ಇಷ್ಟ ಇರಲಿಲ್ಲ.”

ವಾಹನದ ಬಾಗಿಲು ತೆರೆದಿತ್ತು. ಚಾಲಕ ಬೀಡಿ ಎಸೆದು ನೆಟ್ಟಗೆ ನಿಂತ. ಮೇಷ್ಟ್ರನ್ನು ಒಳಗೆ ಕೂರಿಸುತ್ತಿರುವಾಗ ಹಿಂದೆ ಚಪ್ಪಲಿಯ ಸದ್ದಾಯಿತು. ಮಗಳು ಅವಸರವಿಲ್ಲದೆ ಇಳಿದು ಬರುತ್ತಿದ್ದಳು. ಕೈಯಲ್ಲಿ ಮಾತ್ರೆಯ ಡಬ್ಬಿ.

“ಮರೆತು ಬಂದಿರಿ,” ಎಂದು ಅದನ್ನು ತಂದೆಯ ಜೇಬಿಗೆ ಹಾಕಿದಳು. ಅಂಗಿಯ ಮೇಲಿನ ಗುಂಡಿಯನ್ನು ಹಾಕಿ, ಕಾಲರ್ ಸರಿಪಡಿಸಿದಳು. ಆಮೇಲೆ ತನಿಖಾಧಿಕಾರಿಯ ಕಡೆ ತಿರುಗಿದಳು.

“ಮೆಟ್ಟಿಲ ಮೇಲೆ ಹೇಳಿರಬೇಕಲ್ಲ, ಫೋನೇ ಮಾಡಿಲ್ಲ ಅಂತ?”

ತನಿಖಾಧಿಕಾರಿ ವಾಹನದ ಬಾಗಿಲಿನ ಮೇಲೆ ಕೈಯಿಟ್ಟು ನಿಂತರು.

“ಹೇಳ್ತಾರೆ ಅಂತ ಗೊತ್ತಿತ್ತು. ಎಲ್ಲರೆದುರು ತಪ್ಪು ಒಪ್ಪಿಕೊಂಡು ದೊಡ್ಡವರಾದರು. ಕಿವೀಲಿ ಒಂದು ಮಾತು ಹಾಕಿ, ನನ್ನನ್ನ ಹಿಡಿಯೋಕೆ ನೀವು ವಾಪಸ್ ಮೆಟ್ಟಿಲು ಹತ್ತೋ ಹಾಗೆ ಮಾಡಿದರು. ಕೊಂದದ್ದೂ ಅವರೇ, ನನಗೋಸ್ಕರ ಜೈಲಿಗೆ ಹೋಗ್ತಿರೋ ತಂದೇನೂ ಅವರೇ, ಕೊನೆಗೆ ಒಳಗೆ ಹೋಗೋದು ನಾನು. ಸೊಗಸಾಗಿದೆ ಅಲ್ವಾ? ಎಲ್ಲೂ ಒಂದು ನೂಲು ಹೆಚ್ಚಿಲ್ಲ.”

ವಾಹನದೊಳಗಿನ ಕತ್ತಲಲ್ಲಿ ಮೇಷ್ಟ್ರು ಮಗಳ ಮಾತನ್ನು ತಲೆ ಓರೆಮಾಡಿ ಕೇಳುತ್ತಿದ್ದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿರಲಿಲ್ಲ. ಶಿಷ್ಯೆಯೊಬ್ಬಳು ತಾವು ಹೇಳಿಕೊಡದ ಲೆಕ್ಕವನ್ನು ತಾನೇ ಬಿಡಿಸಿದಾಗ ಗುರುವಿನ ಮುಖದಲ್ಲಿ ಬರುವಂಥದ್ದು ಅದು.

“ನೋಡಿದಿರಾ?” ಎಂದರು ಮೇಷ್ಟ್ರು, ತನಿಖಾಧಿಕಾರಿಗೆ, ಮೆಲ್ಲಗೆ. “ಮರ ಯಾರ ಕೈಲಿ ಉಳಿಯತ್ತೆ ಅಂತ ನಾನು ಹೇಳಿದ್ದು ಸುಳ್ಳಾ?”

ಜೇಬಿನಲ್ಲಿದ್ದ ಆದೇಶದಲ್ಲಿ ಮಗಳ ಹೆಸರಿತ್ತು. ಕೈಯಲ್ಲಿದ್ದ ಹೇಳಿಕೆಯಲ್ಲಿ ತಂದೆಯ ಸಹಿ ಇತ್ತು. ತನಿಖಾಧಿಕಾರಿ ಇಬ್ಬರನ್ನೂ ನೋಡಿದರು. ತಂದೆಯೂ ಮಗಳೂ ಅವರನ್ನೇ ನೋಡುತ್ತಿದ್ದರು, ಒಂದೇ ಬಗೆಯ ಕುತೂಹಲದಿಂದ, ಅವರು ಯಾವ ಕಡೆ ತಿರುಗುತ್ತಾರೆಂದು.